ಬೆಂಕಿಯ ಗುಡ್ಡ, ಧೂಳಿನ ಹೊದಿಕೆ

ಕೇಳುಗರಿಗೆ ನಮಸ್ಕಾರ. ಜರ್ಮನಿಯ ನೈರುತ್ಯ ಅಂಚಿನಲ್ಲಿ, ಪೂರ್ವಕ್ಕೆ ಬ್ಲ್ಯಾಕ್ ಫಾರೆಸ್ಟ್ ಮತ್ತು ಪಶ್ಚಿಮಕ್ಕೆ ಫ್ರಾನ್ಸಿನ ವೋಜ್ ಪರ್ವತಗಳು ಕಾವಲು ನಿಂತಿರುವ ರೈನ್ ನದಿಯ ಬಯಲಿನಲ್ಲಿ, ಥಟ್ಟನೆ ತಲೆಯೆತ್ತಿರುವ ಒಂದು ಪುಟ್ಟ ಗಿರಿಗುಂಪಿದೆ. ಅದರ ಹೆಸರು ಕೈಸರ್‌ಸ್ಟೂಲ್, ಅಂದರೆ ಚಕ್ರವರ್ತಿಯ ಪೀಠ. ಇದರ ಅತ್ಯುನ್ನತ ಶಿಖರವಾದ ಟೋಟೆನ್‌ಕೋಫ್ ಸಮುದ್ರಮಟ್ಟದಿಂದ 557 ಮೀಟರ್ ಎತ್ತರವಿದೆ. ಪರ್ವತವೆಂದು ಕರೆಯಲು ಸಂಕೋಚವಾಗುವಷ್ಟು ಸಣ್ಣದು. ಆದರೂ ಸುತ್ತಲೂ ಸಮತಟ್ಟಾದ ನೆಲವೇ ಇರುವುದರಿಂದ ದೂರದಿಂದ ನೋಡುವವರಿಗೆ ಅದು ಪರ್ವತವೇ.

ಹೆಸರಿನ ಹಿಂದೆ ಒಂದು ಪ್ರತೀತಿಯಿದೆ. 994ರ ಡಿಸೆಂಬರ್‌ನಲ್ಲಿ ರಾಜನಾಗಿದ್ದ ಮೂರನೆಯ ಒಟ್ಟೊ ಇಲ್ಲಿನ ಸಾಸ್‌ಬಾಖ್ ಎಂಬಲ್ಲಿ ಒಡ್ಡೋಲಗ ನಡೆಸಿದನಂತೆ. ಆಗ ರಾಜಪೀಠವೆನಿಸಿಕೊಂಡಿದ್ದ ಗುಡ್ಡ, 996ರಲ್ಲಿ ಅವನು ಚಕ್ರವರ್ತಿಯಾದ ಮೇಲೆ ತಾನೂ ಚಕ್ರವರ್ತಿಯ ಪೀಠವಾಯಿತು.

ಭೂಮಿಯ ಹೊರಪದರ ಸೀಳಿ ರೈನ್ ಕಣಿವೆ ಕುಸಿಯುತ್ತಿದ್ದ ಪ್ರದೇಶದಲ್ಲಿ, ಸುಮಾರು ಒಂದೂವರೆಯಿಂದ ಎರಡು ಕೋಟಿ ವರ್ಷಗಳ ಹಿಂದೆ ಉಕ್ಕಿದ ಜ್ವಾಲಾಮುಖಿಗಳಿಂದ ಈ ಗುಡ್ಡಗಳು ಹುಟ್ಟಿದವು. ಜಗತ್ತಿನಲ್ಲಿ ಅಪರೂಪವಾದ, ಕಾರ್ಬೊನೇಟ್ ಶಿಲಾರಸ ತಣಿದು ಗಟ್ಟಿಯಾದ ಕಾರ್ಬೊನಟೈಟ್ ಎಂಬ ಶಿಲೆಯೂ ಇಲ್ಲಿದೆ. ಭೂವಿಜ್ಞಾನಿಗಳಿಗೆ ಇದೇ ದೊಡ್ಡ ಆಕರ್ಷಣೆ. ಆದರೆ ನನ್ನ ಮಟ್ಟಿಗೆ ಕೈಸರ್‌ಸ್ಟೂಲಿನ ನಿಜವಾದ ಕಥೆ ಬೆಂಕಿಯದಲ್ಲ, ಧೂಳಿನದು.

ಹಿಮಯುಗದಲ್ಲಿ ರೈನ್ ನದಿಯ ಬಯಲು ಗಿಡಮರಗಳಿಲ್ಲದ ಮರಳು, ಜಲ್ಲಿಗಳ ಹಾಸಾಗಿತ್ತು. ಗಾಳಿ ಅಲ್ಲಿಂದ ನುಣುಪಾದ ಧೂಳನ್ನು ಹೊತ್ತು ತಂದು ಈ ಗುಡ್ಡಗಳ ಮೇಲೆ ಸುರಿಯಿತು. ಲೋಯೆಸ್ ಎಂದು ಕರೆಯಲಾಗುವ ಈ ಹಳದಿ ಮಣ್ಣು ಕೆಲವೆಡೆ ಹತ್ತಾರು ಮೀಟರ್ ದಪ್ಪವಾಗಿದೆ. ಬೆರಳುಗಳ ನಡುವೆ ಹಿಟ್ಟಾಗುವಷ್ಟು ಮೃದುವಾದರೂ, ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುವುದು ಇದರ ವಿಚಿತ್ರ ಗುಣ. ಶತಮಾನಗಳ ಕಾಲ ಗಾಡಿಯ ಗಾಲಿಗಳೂ ದನಗಳ ಗೊರಸುಗಳೂ ಸಡಿಲಿಸಿದ ಮಣ್ಣನ್ನು ಮಳೆನೀರು ಕೊಚ್ಚಿಕೊಂಡು ಹೋದಂತೆಲ್ಲ ಹಳೆಯ ದಾರಿಗಳು ಕೆಳಗಿಳಿಯುತ್ತ ಹೋಗಿ, ಇಂದು ಎರಡೂ ಬದಿ ಎತ್ತರದ ಮಣ್ಣಿನ ಗೋಡೆಗಳಿರುವ ಓಣಿಗಳಾಗಿವೆ. ಯಾರೂ ಯೋಜಿಸದೆ, ಬರಿಯ ಓಡಾಟದಿಂದಲೇ ಆದ ಇಂಥ ಸ್ಮಾರಕಗಳು ಕೋಟೆಕೊತ್ತಲಗಳಿಗಿಂತ ಕಡಿಮೆಯವಲ್ಲ.

ಜರ್ಮನಿಯ ಅತ್ಯಂತ ಬೆಚ್ಚನೆಯ ಪ್ರದೇಶಗಳಲ್ಲಿ ಒಂದಾದ ಇಲ್ಲಿ, ಈ ಮಣ್ಣು ದ್ರಾಕ್ಷಿಗೆ ಒಗ್ಗಿತು. ಬೆಳೆಗಾರರು ಇಳಿಜಾರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮುಖ್ಯವಾಗಿ ಬರ್ಗಂಡಿ ತಳಿಯ ದ್ರಾಕ್ಷಿಯನ್ನು ಬೆಳೆದರು. 1960 ಮತ್ತು 70ರ ದಶಕಗಳಲ್ಲಿ ಭೂಮಿಯ ಮರುಹಂಚಿಕೆಯ ಹೆಸರಿನಲ್ಲಿ ಯಂತ್ರಗಳು ಈ ಸಣ್ಣ ಮೆಟ್ಟಿಲುಗಳನ್ನು ಅಳಿಸಿ, ದೈತ್ಯ ಗಾತ್ರದ ಹಂತಗಳನ್ನು ಕಟ್ಟಿದವು. ಟ್ರ್ಯಾಕ್ಟರುಗಳಿಗೆ ಅನುಕೂಲವಾಯಿತು, ನಿಜ. ಆದರೆ ಹಲವು ಹಳೆಯ ಓಣಿದಾರಿಗಳು ಹೂತುಹೋದವು. ಗುಡ್ಡದ ಕಡೆಗೆ ವಾಲಿಸಿ ಕಟ್ಟಿದ ಹಂತಗಳಲ್ಲಿ ತಣ್ಣನೆಯ ಗಾಳಿ ಮಡುಗಟ್ಟಿ ನಿಂತು, ಬಳ್ಳಿಗಳು ಹಿಮಕ್ಕೆ ಸುಟ್ಟವು.

ಇದೇ ಬೆಳೆಗಾರರು ಇನ್ನೊಂದು ಕಾರಣಕ್ಕೂ ಇತಿಹಾಸ ಸೇರಿದ್ದಾರೆ. ಗುಡ್ಡದ ವಾಯವ್ಯಕ್ಕಿರುವ ವೀಲ್ ಎಂಬ ಹಳ್ಳಿಯ ಬಳಿ ಅಣುವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಾಗ, ಅದರ ತಂಪುಗೋಪುರಗಳ ಆವಿಯಿಂದ ಮಂಜು ಕವಿದು ದ್ರಾಕ್ಷಿಗೆ ಬಿಸಿಲು ತಪ್ಪೀತೆಂಬ ಆತಂಕವೂ ಅವರನ್ನು ಬೀದಿಗಿಳಿಸಿತು. 1975ರ ಫೆಬ್ರವರಿಯಲ್ಲಿ ಜನರು ಕಾಮಗಾರಿಯ ಸ್ಥಳವನ್ನೇ ಆಕ್ರಮಿಸಿಕೊಂಡು ಕುಳಿತರು. ಸ್ಥಾವರ ಕಡೆಗೂ ಏಳಲಿಲ್ಲ.

ಆ ದೈತ್ಯ ಹಂತಗಳ ವಿಚಾರದಲ್ಲಿ ಮಾತ್ರ ಒಂದು ಅನಿರೀಕ್ಷಿತ ತಿರುವು ಉಂಟು. ಹಂತಗಳ ನಡುವಿನ ಕಡಿದಾದ ಮಣ್ಣುಗೋಡೆಗಳಿಗೆ, ಜರ್ಮನಿಯಿಂದ ಬಹುಮಟ್ಟಿಗೆ ಮರೆಯಾಗಿದ್ದ ಕಳ್ಳಿಪೀರ ಬಳಗದ ಬಣ್ಣಬಣ್ಣದ ಹಕ್ಕಿಯೊಂದು 1990ರ ಸುಮಾರಿಗೆ ಮರಳಿತು. ಚಳಿಗಾಲವನ್ನು ಆಫ್ರಿಕದಲ್ಲಿ ಕಳೆಯುವ ಈ ಹಕ್ಕಿಗಳು ಮೇ ತಿಂಗಳಲ್ಲಿ ಬಂದು, ಹಿಮಯುಗದ ಧೂಳಿನ ಗೋಡೆಯಲ್ಲಿ ಕೊಕ್ಕಿನಿಂದ ಸುರಂಗ ಕೊರೆದು ಮೊಟ್ಟೆಯಿಡುತ್ತವೆ.