ಥ್ರೆಡ್ ಹೋದರೆ ಎಂಜಿನ್ ಹೋಯಿತು ಅಂತಲ್ಲ

ನಮಸ್ಕಾರ. ಇವತ್ತು ಒಂದೇ ಒಂದು ಬೋಲ್ಟ್ ಬಗ್ಗೆ ಮಾತಾಡೋಣ. ಬೈಕಿನ ಎಂಜಿನ್ ಕೆಳಗಿರುವ ಆಯಿಲ್ ಡ್ರೈನ್ ಬೋಲ್ಟ್.

ಆಯಿಲ್ ಚೇಂಜ್ ಮಾಡಿಸಿಕೊಂಡು ಬರುತ್ತೀರಿ. ಮಾರನೇ ದಿನ ಗಾಡಿ ಕೆಳಗೆ ಎಣ್ಣೆ ಹನಿ. ಗ್ಯಾರೇಜಿಗೆ ವಾಪಸ್ ಹೋದರೆ ಮೆಕ್ಯಾನಿಕ್ ಸ್ಪ್ಯಾನರ್ ಹಾಕಿ ತಿರುಗಿಸುತ್ತಾರೆ, ಬೋಲ್ಟ್ ಸುಮ್ನೆ ತಿರುಗುತ್ತಲೇ ಇರುತ್ತದೆ, ಟೈಟ್ ಆಗುವುದೇ ಇಲ್ಲ. "ಥ್ರೆಡ್ ಹೋಗಿದೆ ಸಾರ್" ಅಂತಾರೆ. ಅಂದರೆ ಬೋಲ್ಟನ್ನು ಹಿಡಿದಿಡುವ, ತೂತಿನೊಳಗಿನ ಸುರುಳಿ ಗೆರೆಗಳು ಹಾಳಾಗಿವೆ ಅಂತ. ಅದಾದ ಮೇಲೆ ಅವರು ಸೂಚಿಸುವ ಉಪಾಯಗಳಿವೆಯಲ್ಲ, ನನ್ನ ತಕರಾರು ಅವುಗಳ ಮೇಲೆ.

ಟೆಫ್ಲಾನ್ ಟೇಪ್ ಸುತ್ತಿ ಬಿಗಿದು ಕಳಿಸುತ್ತಾರೆ. ಅದು ನಲ್ಲಿ ಪೈಪಿಗೆ ಸರಿ, ಆದರೆ ಥ್ರೆಡ್ಡೇ ಇಲ್ಲದ ಕಡೆ ಟೇಪ್ ಏನನ್ನು ಹಿಡಿದುಕೊಳ್ಳಬೇಕು? ಎಂ-ಸೀಲ್ ಮೆತ್ತಿದರೆ ಮುಂದಿನ ಆಯಿಲ್ ಚೇಂಜಿಗೆ ಅದನ್ನು ಕೆತ್ತಿ ತೆಗೆಯಬೇಕು. ಇನ್ನು ಸ್ವಲ್ಪ ದಪ್ಪದ ಬೋಲ್ಟನ್ನು ಜೋರಾಗಿ ತಿರುಗಿಸಿ ಕೂರಿಸುವುದು ಎಲ್ಲಕ್ಕಿಂತ ಜಾಸ್ತಿ ನಡೆಯುತ್ತದೆ. ಸ್ಟೀಲ್ ಬೋಲ್ಟ್ ಎಂಜಿನ್ ಕೇಸಿನ ಅಲ್ಯುಮಿನಿಯಂ ಅನ್ನು ಕೊರೆದುಕೊಂಡು ಒಳಗೆ ಹೋಗುತ್ತದೆ. ಒಂದೆರಡು ಸಲ ನಿಲ್ಲಬಹುದು. ಪ್ರತಿ ಆಯಿಲ್ ಚೇಂಜಿಗೂ ಬಿಚ್ಚಿ ಹಾಕುವ ಬೋಲ್ಟ್ ಅದು, ಮತ್ತೆ ಮತ್ತೆ ಕೊರೆಯುತ್ತಾ ಹೋದರೆ ಕೊನೆಗೆ ಕೇಸೇ ಬಿರುಕು ಬಿಡುತ್ತದೆ.

ಕೆಲವರು ಇನ್ನೊಂದು ತುದಿಗೆ ಹೋಗಿ ಕ್ರ್ಯಾಂಕ್‌ಕೇಸೇ, ಅಂದರೆ ಎಂಜಿನ್ನಿನ ಆ ಕೆಳಗಿನ ಕೇಸೇ ಬದಲಾಯಿಸಿ ಅಂತಾರೆ. ಅದಕ್ಕೆ ಇಡೀ ಎಂಜಿನ್ ಬಿಚ್ಚಬೇಕು. ಸಾಮಾನ್ಯವಾಗಿ ಎಂಜಿನ್ ನಂಬರ್ ಹೊಡೆದಿರುವುದೂ ಅದೇ ಕೇಸಿನ ಮೇಲೆ. ನಂಬರ್ ಇರುವ ಕಡೆಯ ಕೇಸ್ ಬದಲಾದರೆ ಆರ್‌ಸಿಯಲ್ಲಿರುವ ನಂಬರಿಗೂ ಗಾಡಿಗೂ ತಾಳೆಯಾಗುವುದಿಲ್ಲ. ಆಮೇಲೆ ಆರ್‌ಟಿಓ ಓಡಾಟ. ಒಂದು ತೂತಿಗಾಗಿ ಇಷ್ಟೆಲ್ಲ ಬೇಕಾ?

ಬೇಡ. ಥ್ರೆಡ್ ಇನ್ಸರ್ಟ್ ಹಾಕಿಸಿ. ನಮ್ಮ ಕಡೆ ಹೆಲಿಕಾಯಿಲ್ ಅಂತ ಬ್ರ್ಯಾಂಡ್ ಹೆಸರಿನಿಂದಲೇ ಕೇಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸ್ಪ್ರಿಂಗ್ ಹಾಗೆ ಸುತ್ತಿರುತ್ತಾರೆ, ಆದರೆ ತಂತಿ ದುಂಡಗಿರುವುದಿಲ್ಲ, ಅಡ್ಡ ಕತ್ತರಿಸಿ ನೋಡಿದರೆ ಡೈಮಂಡ್ ಆಕಾರ. ಹಾಗಾಗಿ ಹೊರಗಡೆಯೂ ಥ್ರೆಡ್, ಒಳಗಡೆಯೂ ಥ್ರೆಡ್. ಕೆಟ್ಟ ಥ್ರೆಡ್ಡನ್ನು ಡ್ರಿಲ್ ಮಾಡಿ ತೆಗೆದು, ಅದಕ್ಕೆಂದೇ ಇರುವ ಟ್ಯಾಪ್ (ಹೊಸ ಥ್ರೆಡ್ ಕೊರೆಯುವ ಟೂಲ್) ಹೊಡೆದು, ಇದನ್ನು ತಿರುಗಿಸಿ ಕೂರಿಸುತ್ತಾರೆ. ಒಳಗೆ ಮೊದಲಿನ ಅಳತೆಯೇ ಸಿಗುತ್ತದೆ. ಕಂಪನಿ ಬೋಲ್ಟೇ ಮತ್ತೆ ಹಾಕಬಹುದು.

"ಏನೇ ಆದರೂ ಒರಿಜಿನಲ್ ಥರ ಆಗಲ್ಲ" ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಆಗಲ್ಲ, ನಿಜ. ಸರಿಯಾಗಿ ಹಾಕಿದರೆ ಅದಕ್ಕಿಂತ ಗಟ್ಟಿಯಾಗುತ್ತದೆ. 6 ಎಂಎಂ ಬೋಲ್ಟನ್ನೇ ತೆಗೆದುಕೊಳ್ಳಿ. ಅದರ ಇನ್ಸರ್ಟಿಗೆ ಅಲ್ಯುಮಿನಿಯಂನಲ್ಲಿ ಹೊಡೆಯುವ ಥ್ರೆಡ್ಡಿನ ಹೊರ ಅಳತೆ ಸುಮಾರು 7.3 ಎಂಎಂ. ಅಂದರೆ ಮೆತ್ತಗಿನ ಲೋಹದಲ್ಲಿ ಹಿಡಿತ ಸಿಗುವ ಸುತ್ತಳತೆ ಶೇ. 20ರಷ್ಟು ಜಾಸ್ತಿ. ಇನ್ನೊಂದು ವಿಷಯ, ಮಾಮೂಲಿ ಬೋಲ್ಟಿನಲ್ಲಿ ಮೊದಲ ಒಂದು ಸುತ್ತಿನ ಮೇಲೇ ಸುಮಾರು ಮೂರನೇ ಒಂದು ಭಾಗ ಭಾರ ಬೀಳುತ್ತದೆ, ಹರಿಯುವುದೂ ಮೊದಲು ಅದೇ. ಕಾಯಿಲ್ ಸ್ವಲ್ಪ ಬಾಗುತ್ತದೆ, ಭಾರವನ್ನು ಮುಂದಿನ ಸುತ್ತುಗಳಿಗೂ ಹಂಚುತ್ತದೆ. ಬೋಲ್ಟ್ ಬಿಚ್ಚಿ ಹಾಕುವಾಗ ಉಜ್ಜುವುದು ಸ್ಟೇನ್‌ಲೆಸ್ ಮೇಲೆ, ಅಲ್ಯುಮಿನಿಯಂ ಮೇಲಲ್ಲ.

ಇದು ಗ್ಯಾರೇಜಿನ ಜುಗಾಡ್ ಅಂದುಕೊಂಡವರಿಗೆ ಹೇಳುತ್ತೇನೆ, ಎರಡನೇ ಮಹಾಯುದ್ಧದ ಹೊತ್ತಿಗೇ ವಿಮಾನದ ಎಂಜಿನ್‌ಗಳಲ್ಲಿ ಇದು ಬಳಕೆಗೆ ಬಂದಿತ್ತು. ಇವತ್ತಿಗೂ ವಿಮಾನದ ಅಲ್ಯುಮಿನಿಯಂ, ಮೆಗ್ನೀಷಿಯಂ ಭಾಗಗಳಿಗೆ ಹೊಸದಿದ್ದಾಗಲೇ ಇನ್ಸರ್ಟ್ ಹಾಕುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಏರೋಸ್ಪೇಸ್ ಕೆಲಸ ಮಾಡುವ ಯಾರನ್ನಾದರೂ ಕೇಳಿ ನೋಡಿ. ವಿಮಾನಕ್ಕೆ ಆಗಬಹುದು, ನಮ್ಮ ಬೈಕಿಗೆ ಆಗಲ್ವಾ?

ಆದರೆ ಯಾರು ಹೇಗೆ ಹಾಕಿದರೂ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಡ್ರಿಲ್ ನೇರ ಇರಬೇಕು. ಓರೆಯಾದರೆ ಬೋಲ್ಟಿನ ತಲೆ ಒಂದು ಕಡೆ ಮಾತ್ರ ಕೂರುತ್ತದೆ. ಇನ್ಸರ್ಟ್ ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತು ಒಳಗಿರಬೇಕು, ಹೊರಗೆ ಇಣುಕಿದರೆ ವಾಷರ್ ಕೂರದೆ ಮತ್ತೆ ಸೋರುತ್ತದೆ. ಕಾಯಿಲಿನ ತುದಿಯಲ್ಲಿ ತಿರುಗಿಸಲು ಒಂದು ಸಣ್ಣ ನಾಲಿಗೆ ಇರುತ್ತದೆ, ಕೂರಿಸಿದ ಮೇಲೆ ಅದನ್ನು ಮುರಿದು ತೆಗೆಯಬೇಕು. ಎಂಜಿನ್ ಒಳಗೆ ಬೀಳದ ಹಾಗೆ ಉದ್ದ ಮೂಗಿನ ಪ್ಲೈಯರ್‌ನಲ್ಲಿ ಹಿಡಿದೇ ಮುರಿಯಬೇಕು, ಇದು ತುಂಬಾ ಮುಖ್ಯ. ಟ್ಯಾಪಿಗೆ ಗ್ರೀಸ್ ಹಚ್ಚಿಕೊಂಡರೆ ಚೂರುಗಳು ಅಂಟಿಕೊಳ್ಳುತ್ತವೆ, ಆಮೇಲೆ ಸ್ವಲ್ಪ ಆಯಿಲ್ ಸುರಿದು ತೊಳೆಯಬೇಕು. ಅಲ್ಯುಮಿನಿಯಂ ಚೂರು ಮ್ಯಾಗ್ನೆಟ್ಟಿಗೆ ಸಿಗುವುದಿಲ್ಲ, ನೆನಪಿರಲಿ.

ಸ್ಪಾರ್ಕ್ ಪ್ಲಗ್ ತೂತಿಗೆ ಮಾತ್ರ ನಾನು ಕಾಯಿಲ್ ಒಪ್ಪುವುದಿಲ್ಲ. ಪ್ಲಗ್ ಬಿಚ್ಚುವಾಗ ಕೆಲವೊಮ್ಮೆ ಕಾಯಿಲೂ ಜೊತೆಗೇ ಸುತ್ತಿಕೊಂಡು ಬರುತ್ತದೆ. ಅಲ್ಲಿಗೆ ತಂತಿಯ ಸುರುಳಿ ಅಲ್ಲ, ಗಟ್ಟಿ ಬುಷ್ ಥರದ, ಅಂದರೆ ಒಂದೇ ತುಂಡಿನ ಕೊಳವೆಯಂಥ ಇನ್ಸರ್ಟ್ ಬೇಕು, ಟೈಮ್‌ಸರ್ಟ್ ಅಂತ ಬರುತ್ತದಲ್ಲ, ಆ ಜಾತಿಯದು. ದುಡ್ಡು ಜಾಸ್ತಿ ಆಗುತ್ತದೆ, ಆದರೂ ಇಲ್ಲಿ ಉಳಿಸಲು ಹೋಗಬೇಡಿ. ಹಾಗೆಯೇ ಮಂಗಳೂರು, ಕಾರವಾರ ಕಡೆಯವರು ಗಮನಿಸಿ. ಉಪ್ಪುಗಾಳಿ, ತೇವ ಸೇರಿದರೆ ಸ್ಟೇನ್‌ಲೆಸ್ ಪಕ್ಕದಲ್ಲಿರುವ ಅಲ್ಯುಮಿನಿಯಂ ಸವೆಯುತ್ತದೆ. ಹೊರಗಡೆಯ ಬೋಲ್ಟುಗಳಿಗೆ ಇನ್ಸರ್ಟ್ ಹಾಕುವಾಗ ಪ್ರೈಮರ್ ಹಚ್ಚಿ ಹಾಕಲು ಹೇಳಿ.

ಇಷ್ಟಕ್ಕೂ ಥ್ರೆಡ್ ಯಾಕೆ ಹೋಗುತ್ತದೆ? ನನಗೆ ಕೋಪ ಬರುವುದು ಇಲ್ಲೇ. ಡ್ರೈನ್ ಬೋಲ್ಟಿನ ಕೆಳಗೆ ಒಂದು ಮೆತ್ತಗಿನ ವಾಷರ್ ಇರುತ್ತದೆ, ಒಂದು ಸಲ ಬಿಗಿದರೆ ಚಪ್ಪಟೆಯಾಗಿ ಜಾಗ ಮುಚ್ಚುತ್ತದೆ. ಅದನ್ನು ಬದಲಾಯಿಸದೆ ಹಳೆಯದನ್ನೇ ಹಾಕುತ್ತಾರೆ. ಹನಿ ಬರುತ್ತದೆ. ಹನಿ ನಿಲ್ಲಿಸಲು ಇನ್ನಷ್ಟು ಬಿಗಿಯುತ್ತಾರೆ, ಮುಂದಿನ ಸಲ ಇನ್ನೂ ಸ್ವಲ್ಪ, ಹೀಗೇ ಒಂದು ದಿನ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಕೆಲವು ರೂಪಾಯಿಯ ವಾಷರ್ ಉಳಿಸಿದ್ದಕ್ಕೆ ಇದು. ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಟಾರ್ಕ್ ರೆಂಚ್ ಅನ್ನಂತೂ ಎಷ್ಟೋ ಗ್ಯಾರೇಜುಗಳಲ್ಲಿ ನೋಡಲೂ ಸಿಗುವುದಿಲ್ಲ. ಉದಾಹರಣೆಗೆ 6 ಎಂಎಂ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ಅದು ಮಣಿಕಟ್ಟಿನ ಬಲದ ಕೆಲಸ. ಉದ್ದ ಹಿಡಿಯ ರಾಡ್ ಹಾಕಿ ತೋಳಿನ ಬಲ ಬಿಟ್ಟರೆ ಯಾವ ಥ್ರೆಡ್ ತಡೆಯುತ್ತದೆ?

ಮೆಕ್ಯಾನಿಕ್ ಅಣ್ಣಂದಿರೇ, ನಿಮಗೂ ಒಂದು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಡ್ರಿಲ್, ಟ್ಯಾಪ್, ಕೂರಿಸುವ ಟೂಲ್, ಇನ್ಸರ್ಟ್ ಎಲ್ಲ ಇರುವ ಕಿಟ್ ಸಿಗುತ್ತದೆ. 6, 8 ಮತ್ತು 12 ಎಂಎಂ ಇಟ್ಟುಕೊಂಡರೆ ಬೈಕಿನ ಬಹುಪಾಲು ಕೆಲಸ ಆಗುತ್ತದೆ. ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ, ನೋಡಿಕೊಂಡು ತೆಗೆದುಕೊಳ್ಳಿ, 12ರಲ್ಲಿ 1.25 ಇದೆ, 1.5 ಇದೆ, 1.75 ಕೂಡ ಇದೆ. ಹಾಕಿದ ಮೇಲೆ ಗಾಡಿಯವರಿಗೆ ಬಾಯಿಬಿಟ್ಟು ಹೇಳಿ, ಬಿಲ್ಲಿನಲ್ಲೂ ಬರೆದುಕೊಡಿ. ಮುಚ್ಚಿಡುವ ಕೆಲಸ ಅಲ್ಲ ಅದು.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಬಗ್ಗಿ ಡ್ರೈನ್ ಬೋಲ್ಟ್ ನೋಡಿ. ಸುತ್ತ ಎಂ-ಸೀಲ್ ಕಂಡರೆ ರಿಪೇರಿ ಖರ್ಚು ಕಳೆದು ಬೆಲೆ ಕೇಳಿ. ಮಾರುವವರು "ಥ್ರೆಡ್ ಹೋಗಿತ್ತು, ಇನ್ಸರ್ಟ್ ಹಾಕಿಸಿದ್ದೇನೆ" ಅಂತ ಬಿಲ್ ತೋರಿಸಿದರೆ, ಅದೇ ಕಾರಣಕ್ಕೆ ನಾನು ಒಂದು ರೂಪಾಯಿಯೂ ಕಮ್ಮಿ ಕೇಳುವುದಿಲ್ಲ.