ಹೆಪ್ಪು ಎಷ್ಟು ಹಾಕಬೇಕು?

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ‘ಯೀಸ್ಟ್ ಸ್ಟಾರ್ಟರ್’ ಎಂಬ ಪದ ನೋಡಿ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದ್ದರು. ಒಬ್ಬ ಹುಬ್ಬಳ್ಳಿಯಲ್ಲಿ ಹೋಟೆಲ್ ನಡೆಸುತ್ತಾನೆ. ಅವನಿಗೆ ಸ್ಟಾರ್ಟರ್ ಎಂದರೆ ಗೋಬಿ ಮಂಚೂರಿ. ಇನ್ನೊಬ್ಬ ಹಾವೇರಿ ಕಡೆಯ ರೈತ. ಅವನಿಗೆ ಅದು ಪಂಪ್‌ಸೆಟ್ಟಿನ ಡಬ್ಬಿ. ನಾನು ಹೇಳಹೊರಟಿರುವುದು ನಮ್ಮ ಹೆಪ್ಪಿನ ದಾಯಾದಿಯ ಬಗ್ಗೆ: ಬಿಯರ್ ಹುದುಗಿಸಲು ಮೊದಲೇ ಸ್ವಲ್ಪ ರಸದಲ್ಲಿ ಬೆಳೆಸಿಕೊಳ್ಳುವ ಯೀಸ್ಟ್ ಎಂಬ ಸೂಕ್ಷ್ಮಜೀವಿ.

ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. ಧಾರವಾಡದಲ್ಲಿ ಯಾರೂ ನನ್ನ ಹೆಸರು ಹೇಳಿಕೊಂಡು ಡ್ರಮ್ಮು ತೊಳೆಯಲು ಹೊರಡಬೇಡಿ. ನಾನು ಇದನ್ನು ಕಂಡದ್ದು ಅಮೆರಿಕದ ಕೊಲರಾಡೊದಲ್ಲಿ, ಮಗಳ ಮನೆಯಲ್ಲಿ. ಅಲ್ಲಿ 1978ರ ಕಾನೂನಿನಿಂದಾಗಿ ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಅಡ್ಡಿಯಿಲ್ಲ.

ಅಳಿಯ ಗದಗಿನವನು. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ, ಅದರ ಇಪ್ಪತ್ತು ಲೀಟರ್ ರಸ ಕುದಿಸಿ ಆರಿಸಿದ. ಮೂರು ತಿಂಗಳು ಫ್ರಿಜ್ಜಿನಲ್ಲಿದ್ದ ದ್ರವ ಯೀಸ್ಟಿನ ಒಂದೇ ಪೊಟ್ಟಣವನ್ನು ಅದಕ್ಕೆ ಸುರಿದ. ಸಾಲದು ಎಂದೆ. “ಅತ್ತೆ, ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಸಾಕಲ್ಲ, ಇದಕ್ಕೇಕೆ ಸಾಲದು?” ಎಂದು ಕೇಳಿದ. ಮೂರು ದಿನ ನೊರೆಯೇ ಏಳಲಿಲ್ಲ. ಕೊನೆಗೆ ಸಿಕ್ಕಿದ್ದು ಬೆಣ್ಣೆ ವಾಸನೆಯ, ಅರೆಸಿಹಿ ನೀರು. ಬೆಣ್ಣೆಯ ಘಮ ದೋಸೆಯ ಮೇಲೆ ಚೆಂದ, ಲೋಟದಲ್ಲಿ ಅಲ್ಲ.

ಅವನ ಪ್ರಶ್ನೆ ಮಾತ್ರ ಒಳ್ಳೆಯದೇ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಗಾಳಿಯ ಹಂಗಿಲ್ಲ. ಹಾಲಿನಲ್ಲಿ ಹೆಚ್ಚುತ್ತ ಹೋದಂತೆ ಹುಳಿ ಮಾಡುತ್ತವೆ, ಆ ಹುಳಿಯೇ ಅವುಗಳ ಬೇಲಿ. ಯೀಸ್ಟಿನ ಕಥೆ ಬೇರೆ. ಅದರ ಪೊರೆಗೆ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು, ಸ್ಟೆರಾಲ್ ಮಾಡಿಕೊಳ್ಳಲು ಆಮ್ಲಜನಕ ಬೇಕು. ರಸದಲ್ಲಿ ಕರಗಿದ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲೆ ತನ್ನಿಂದ ಮೊಗ್ಗಿನಂತೆ ಒಡೆದು ಹುಟ್ಟುವ ಪ್ರತಿ ಮರಿಕೋಶಕ್ಕೂ ತಾಯಿ ತನ್ನ ಸ್ಟೆರಾಲಿನ ಪಾಲಿನಲ್ಲಿ ಅರ್ಧ ಕೊಡಬೇಕು. ಎಂಟು ಎಕರೆ ಎರೆ ಹೊಲ ಮಕ್ಕಳ ಕಾಲಕ್ಕೆ ನಾಲ್ಕು, ಮೊಮ್ಮಕ್ಕಳ ಕಾಲಕ್ಕೆ ಎರಡಾದಂತೆ. ಕಡಿಮೆ ಯೀಸ್ಟ್ ಹಾಕಿದರೆ ಹೆಚ್ಚು ತಲೆಮಾರು ಹುಟ್ಟಬೇಕಾಗುತ್ತದೆ. ಕೊನೆಯ ತಲೆಮಾರಿಗೆ ಸಕ್ಕರೆ ಮುಗಿಸುವ ತ್ರಾಣವೂ ಇರುವುದಿಲ್ಲ, ತಾವೇ ಬಿಟ್ಟ ಬೆಣ್ಣೆ ವಾಸನೆಯ ಡಯಾಸಿಟೈಲನ್ನು ಮರಳಿ ನುಂಗುವ ತ್ರಾಣವೂ ಇರುವುದಿಲ್ಲ.

ಹಾಗಾದರೆ ಎಷ್ಟು? ಬೆಚ್ಚಗೆ ಹುದುಗುವ ಏಲ್ ಬಗೆಯ ಬಿಯರ್‌ಗೆ ರೂಢಿಯ ಲೆಕ್ಕ, ರಸದಲ್ಲಿರುವ ಪ್ರತಿ ಶೇಕಡಾ ಒಂದು ಸಕ್ಕರೆಗೆ, ಪ್ರತಿ ಮಿಲಿಲೀಟರಿಗೆ ಏಳೂವರೆ ಲಕ್ಷ ಜೀವಕೋಶ. ಅಳಿಯನ ರಸ ಶೇಕಡಾ 12ರದ್ದು, ಅಂದರೆ ಇಪ್ಪತ್ತು ಲೀಟರಿಗೆ 18,000 ಕೋಟಿ. ತಣ್ಣಗೆ ಹುದುಗುವ ಲಾಗರ್ ಆಗಿದ್ದರೆ ಇದರ ಎರಡರಷ್ಟು. ಹೊಸ ಪೊಟ್ಟಣದಲ್ಲಿ ಸುಮಾರು 10,000 ಕೋಟಿ ಇರುತ್ತವೆ. ತಿಂಗಳಿಗೆ ಐದರಲ್ಲಿ ಒಂದು ಪಾಲು ಸಾಯುತ್ತದೆ ಎಂಬ ಸ್ಥೂಲ ಲೆಕ್ಕ ಹಿಡಿದರೆ ಮೂರು ತಿಂಗಳಿಗೆ ಉಳಿದದ್ದು 5,000 ಕೋಟಿ.

ಈ ಕೊರತೆ ತುಂಬುವುದೇ ಸ್ಟಾರ್ಟರಿನ ಕೆಲಸ. ಮುಂದಿನ ಸಲ ಅಳಿಯ ಸ್ಟಾರ್ಟರ್ ಮಾಡಿದ, ಆದರೆ ಅರ್ಧ ಲೀಟರಿನದು. ಸ್ಟಾರ್ಟರ್ ಎಂದು ಹೆಸರಿಟ್ಟ ಮಾತ್ರಕ್ಕೆ ಯೀಸ್ಟ್ ಹೆಚ್ಚುವುದಿಲ್ಲ, ಉಣ್ಣುವುದಕ್ಕೆ ಇರಬೇಕು. ಅರ್ಧ ಲೀಟರಿನಲ್ಲಿರುವ ಐವತ್ತು ಗ್ರಾಂ ಮಾಲ್ಟ್ ಪುಡಿಯಲ್ಲಿ ಹೊಸದಾಗಿ ಹುಟ್ಟುವುದು ಎರಡು ಮೂರು ಸಾವಿರ ಕೋಟಿ. ಅವನಿಗೆ ಬೇಕಾಗಿದ್ದದ್ದು ಆಗಾಗ ಕುಲುಕಿದ ಎರಡು ಲೀಟರ್. ಕಾಂತದಿಂದ ಸದಾ ಕಲಕುವ ಯಂತ್ರವಿದ್ದರೆ ಒಂದೂಕಾಲು ಲೀಟರ್ ಸಾಕು.

ಮಾಡುವ ಬಗೆ ಸರಳ. ಒಂದು ಲೀಟರ್ ನೀರಿಗೆ ನೂರು ಗ್ರಾಂ ಮಾಲ್ಟ್ ಪುಡಿ, ಹತ್ತು ಹದಿನೈದು ನಿಮಿಷದ ಕುದಿತ. ಪುಡಿ ಹೆಚ್ಚು ಸುರಿದರೆ ಲಾಭವೆಂದುಕೊಳ್ಳಬೇಡಿ. ದಟ್ಟ ಸಕ್ಕರೆ ಯೀಸ್ಟಿಗೆ ಭಾರ. ಸಕ್ಕರೆಯೊಂದನ್ನೇ ಕರಗಿಸಿ ಕೊಡುವುದೂ ತಪ್ಪು. ಅದರಲ್ಲಿ ಸಾರಜನಕವಿಲ್ಲ, ಮಾಲ್ಟಿನ ಸಕ್ಕರೆ ತಿನ್ನುವ ಅಭ್ಯಾಸವೂ ತಪ್ಪುತ್ತದೆ. ಕುದಿಯುವಾಗ ಒಲೆಯ ಬಳಿಯೇ ನಿಲ್ಲಿ. ಹಾಲಿನಂತೆಯೇ ಇದೂ ನೀವು ತಿರುಗಿದ ಕ್ಷಣವನ್ನೇ ಕಾಯುತ್ತಿರುತ್ತದೆ, ಸೀಸೆಯ ಕಿರಿದಾದ ಕುತ್ತಿಗೆಯಲ್ಲಂತೂ ಇನ್ನೂ ಬೇಗ ಉಕ್ಕುತ್ತದೆ. ಸುಮಾರು 22 ಡಿಗ್ರಿಗೆ ಆರಿದ ಮೇಲೆ ಯೀಸ್ಟ್ ಹಾಕಿ, ಬಾಯಿಗೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ. ಬಿಗಿಯಾದ ಬಿರಡೆ ಬೇಡ. ಗಾಳಿ ಒಳಗೆ ಬರಲಿ, ಅನಿಲ ಹೊರಗೆ ಹೋಗಲಿ. ಕುದಿತದ ನಂತರ ರಸಕ್ಕೆ ತಾಗುವ ಪ್ರತಿ ವಸ್ತುವೂ ರೋಗಾಣುಮುಕ್ತವಾಗಿರಬೇಕು.

ಒಂದೆರಡು ದಿನಕ್ಕೆ ರಸ ಹಾಲುಗಂಜಿಯ ಬಣ್ಣಕ್ಕೆ ತಿರುಗುತ್ತದೆ. ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮೇಲೆ ತಿಳಿ, ತಳದಲ್ಲಿ ಕೆನೆಯಂಥ ಬಿಳಿ ಪದರ. ತಿಳಿಯನ್ನು ಬಸಿದುಬಿಡಿ, ಹಳಸಿದ ರುಚಿ ಅದರದು. ಉಳಿದ ಕೆನೆಯೇ ಹೆಪ್ಪು.

ಒಣ ಯೀಸ್ಟಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಬೇಡ. ಕಾರ್ಖಾನೆಯಲ್ಲಿ ಗಾಳಿ ಊದಿ ಬೆಳೆಸುವಾಗಲೇ ಅದರ ಸ್ಟೆರಾಲ್ ಕಣಜ ತುಂಬಿರುತ್ತದೆ.

ಈಗ ಹಿಂದಿನ ಮೇಜಿಗೆ ಬನ್ನಿ. ಸೂಕ್ಷ್ಮದರ್ಶಕದ ಕೆಳಗೆ ಬೇಕರಿಯ ಯೀಸ್ಟ್ ಇಟ್ಟಿದ್ದೇನೆ, ಆಸ್ಪತ್ರೆಯಲ್ಲಿ ರಕ್ತಕಣ ಎಣಿಸುವ ಚೌಕಳಿ ಗಾಜಿನ ಮೇಲೆಯೇ. ಮೆಥಿಲೀನ್ ಬ್ಲೂ ಒಂದು ಹನಿ ಹಾಕಿದೆ. ನೀಲಿಯಾಗಿ ಕಾಣುವವು ಸತ್ತವು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಪ್ಪತ್ತೈದು ಮನೆಗಳಲ್ಲಿ ಎಣಿಸಿದ್ದನ್ನು ಹತ್ತು ಸಾವಿರದಿಂದ, ಆಮೇಲೆ ನಾನು ನೀರು ಬೆರೆಸಿ ಯೀಸ್ಟನ್ನು ಎಷ್ಟು ಪಟ್ಟು ತೆಳುವಾಗಿಸಿದ್ದೇನೋ ಆ ಸಂಖ್ಯೆಯಿಂದ ಗುಣಿಸಿ. ಒಂದು ಮಿಲಿಲೀಟರಿನ ಲೆಕ್ಕ ಬರುತ್ತದೆ. ಕನ್ನಡಕದವರು ಕನ್ನಡಕ ತೆಗೆದು ನೋಡಿ, ಮಸೂರಕ್ಕೆ ಗೀರು ಬೀಳುತ್ತದೆ.