ಮೇಷ್ಟ್ರಿಗೆ ನೀವೇನಾಗಬೇಕು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದ ಬಾಗಿಲಲ್ಲಿ ಕೂತಿದ್ದ ಸಿಬ್ಬಂದಿಯೊಬ್ಬರು ನಮ್ಮನ್ನು ತಡೆದು, "ಪೇಷೆಂಟ್‌ಗೆ ನೀವೇನಾಗಬೇಕು?" ಎಂದು ಕೇಳಿದರು. ಚಿತ್ರದುರ್ಗದಿಂದ ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ಹೋಗಿದ್ದ ನಾವು ಮೂವರು ಮುಖ ಮುಖ ನೋಡಿಕೊಂಡೆವು. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಹುಡುಕಿ ಬರೆದಿಡುವುದೇ ಹಲವು ವರ್ಷಗಳಿಂದ ನಾವು ಮಾಡುತ್ತಾ ಬಂದಿರುವ ಕೆಲಸ. ಆದರೆ ಒಳಗೆ ಮಲಗಿದ್ದ ಮೇಷ್ಟ್ರಿಗೆ ನಾವು ರಕ್ತದಿಂದಾಗಲಿ, ಕೊಟ್ಟು ತಂದ ನಂಟಿನಿಂದಾಗಲಿ ಏನೂ ಆಗಬೇಕಾದವರಲ್ಲ. ಕೊನೆಗೆ ನಮ್ಮಲ್ಲೊಬ್ಬರು, "ಅವರ ಜೊತೆ ಕೂತು ವಂಶಾವಳಿ ಬರೆಯುವವರು" ಎಂದರು. ಆ ತಾಯಿ ಏನು ಅಂದುಕೊಂಡರೋ, ಒಬ್ಬರನ್ನು ಮಾತ್ರ ಐದು ನಿಮಿಷ ಒಳಗೆ ಬಿಟ್ಟರು.

ನಮ್ಮದು ಹದಿನಾಲ್ಕು ಜನರ ಒಂದು ಪುಟ್ಟ ಬಳಗ. ತಿಂಗಳ ಎರಡನೆಯ ಭಾನುವಾರ ಚಿತ್ರದುರ್ಗದಲ್ಲಿ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಹಳೆಯ ಕ್ರಯಪತ್ರ, ಕೈಬರಹದ ಪಹಣಿ, ಶಾಲೆಯ ದಾಖಲಾತಿ, ಲಗ್ನಪತ್ರಿಕೆ, ಊರ ಮುಂದಿನ ವೀರಗಲ್ಲು, ಮನೆಯ ಹಿರಿಯರ ನೆನಪು, ಹೀಗೆ ಸಿಕ್ಕಿದ್ದನ್ನೆಲ್ಲ ಒಂದಕ್ಕೊಂದು ತಾಳೆ ನೋಡಿ ಮನೆತನಗಳ ಚರಿತ್ರೆಯನ್ನು ಬರೆದುಕೊಳ್ಳುತ್ತೇವೆ. ನಿವೃತ್ತ ಶಾಲಾ ಶಿಕ್ಷಕರಾದ ನಮ್ಮ ಮೇಷ್ಟ್ರು ಈ ಬಳಗದ ನೆನಪಿನ ಕಣಜವಿದ್ದಂತೆ. ನಾಲ್ಕು ಲೆಕ್ಕದ ಪುಸ್ತಕಗಳನ್ನು ಒಟ್ಟಿಗೆ ಹೊಲಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿಸಿ, ತಮ್ಮ ಮನೆತನದ ಏಳು ತಲೆಮಾರುಗಳನ್ನು ಅದರಲ್ಲಿ ದುಂಡನೆಯ ಅಕ್ಷರಗಳಲ್ಲಿ ತುಂಬಿಸಿದ್ದಾರೆ. ಅರವತ್ತಮೂರನೆಯ ವಯಸ್ಸಿನಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡು, ಆಂಜಿಯೋಗ್ರಾಂ ಆಗಿ, ಮೂರು ರಕ್ತನಾಳಗಳಲ್ಲಿ ಅಡೆತಡೆ ಇದೆಯೆಂದು ತಿಳಿದು, ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆಮೇಲಿನ ಮೂರು ತಿಂಗಳಲ್ಲಿ ನಮ್ಮ ಬಳಗ ಏನು ಮಾಡಿತು, ಎಲ್ಲಿ ತಪ್ಪಿತು ಎಂಬುದನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬೈಪಾಸ್ ಎಂದರೆ ಹೃದಯಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಆ ಜಾಗವನ್ನು ಸುತ್ತಿಕೊಂಡು ಹೋಗುವ ಹೊಸ ದಾರಿಯೊಂದನ್ನು ಮಾಡಿಕೊಡುವುದು. ಸಾಮಾನ್ಯವಾಗಿ ಎದೆಗೂಡಿನ ಒಳಗೋಡೆಯ ಒಂದು ಅಪಧಮನಿಯನ್ನೂ ಕಾಲಿನಿಂದ ತೆಗೆದ ಅಭಿಧಮನಿಯ ತುಂಡುಗಳನ್ನೂ ಇದಕ್ಕೆ ಬಳಸುತ್ತಾರೆ. ಕಾಲಿನ ಅಭಿಧಮನಿಯನ್ನು ಹೀಗೆ ಬಳಸುವ ಪದ್ಧತಿಯನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೆನೆ ಫವಲೋರೊ ಎಂಬ ಅರ್ಜೆಂಟೀನಾ ಮೂಲದ ಶಸ್ತ್ರವೈದ್ಯರು ನೆಲೆಗೊಳಿಸಿದರು. ಹೃದಯವನ್ನು ತಲುಪಲು ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಗಳಿಂದ ಬಿಗಿದು ಕಟ್ಟುತ್ತಾರೆ. ತಂತಿ ಸಾಮಾನ್ಯವಾಗಿ ಜೀವಮಾನವಿಡೀ ಒಳಗೇ ಉಳಿಯುತ್ತದೆ. ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಮನೆಗೆ ಬಂದ ರೋಗಿಯನ್ನು ನೋಡಿದವರು "ಹೃದಯ ಸರಿಹೋಯಿತಲ್ಲ" ಎಂದು ನಿರಾಳರಾಗುತ್ತಾರೆ. ಆದರೆ ಆ ದಿನಗಳಲ್ಲಿ ರೋಗಿಯನ್ನು ಕಾಡುವುದು ಬಹುಮಟ್ಟಿಗೆ ಹೃದಯವಲ್ಲ. ಕೂಡಿಕೊಳ್ಳುತ್ತಿರುವ ಎದೆಯ ಮೂಳೆ, ಊದಿಕೊಂಡ ಕಾಲು, ನಿದ್ದೆಯಿಲ್ಲದ ರಾತ್ರಿ, ರುಚಿ ಕೆಟ್ಟ ನಾಲಿಗೆ, ಇವೇ ಕಾಡುತ್ತವೆ.

ಇದು ಗೊತ್ತಿಲ್ಲದೆ ನಾವು ಮೊದಲ ವಾರದಲ್ಲೇ ತಪ್ಪು ಮಾಡಿದೆವು. ಮೇಷ್ಟ್ರು ಊರಿಗೆ ಬಂದ ಮರುದಿನ ನಾವು ಒಂಬತ್ತು ಜನ ಒಟ್ಟಿಗೆ ಅವರ ಮನೆಗೆ ಹೋದೆವು. ಒಬ್ಬೊಬ್ಬರೂ ತಮ್ಮ ಮಾವನಿಗೆ, ಷಡ್ಡಕನಿಗೆ, ಪಕ್ಕದ ಮನೆಯವರಿಗೆ ಆದ ಆಪರೇಷನ್ನಿನ ಕಥೆ ಹೇಳಿದೆವು. ಕಥೆ ಕೇಳುತ್ತಾ ಕೂತಿದ್ದ ಮೇಷ್ಟ್ರಿಗೆ ಕೆಮ್ಮು ಬಂತು. ಹೆಂಡತಿಯ ಹಳೆಯ ನೂಲಿನ ಸೀರೆಯಿಂದ ಹೊಲಿದಿದ್ದ ಸಣ್ಣ ದಿಂಬನ್ನು ಎರಡೂ ಕೈಗಳಿಂದ ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ ಅವರು ಕೆಮ್ಮಿದರು. ಕೆಮ್ಮುವಾಗ ಮೂಳೆಯ ಮೇಲೆ ಬೀಳುವ ಸೆಳೆತವನ್ನು ತಡೆಯಲು ವೈದ್ಯರು ಹೇಳಿಕೊಟ್ಟಿರುವ ಕ್ರಮ ಅದು. ಆ ದಿಂಬಿನ ಮೇಲೆ ಬಿಗಿಯಾದ ಅವರ ಬೆರಳುಗಳನ್ನು ನೋಡಿದ ಮೇಲೆ ನಮಗೆ ಮಾತು ಹೊರಡಲಿಲ್ಲ. ಹೊರಡುವಾಗ ಅಡುಗೆಮನೆಗೆ ಲೋಟ ಇಡಲು ಹೋದೆ. ಅಕ್ಕನವರು, ಅಂದರೆ ಮೇಷ್ಟ್ರ ಶ್ರೀಮತಿಯವರು, ಗೋಡೆಗೆ ಒರಗಿ ನಿಂತಿದ್ದರು. "ಹದಿನೈದು ದಿನದಿಂದ ಸರಿಯಾಗಿ ಮಲಗಿಲ್ಲ ಕಣಮ್ಮ, ಬೆಳಿಗ್ಗೆಯಿಂದ ಇಪ್ಪತ್ತು ಲೋಟ ಟೀ ಮಾಡಿದೆ" ಎಂದರು. ನೋಡಲು ಬಂದವರ ಪ್ರೀತಿಯೇ ಆ ಮನೆಗೆ ಭಾರವಾಗಿತ್ತು.

ಅಂದು ಸಂಜೆಯೇ ಕೂತು ನಾವು ಕೆಲಸ ಹಂಚಿಕೊಂಡೆವು. ದಿನಕ್ಕೆ ಒಬ್ಬರಿಗಿಂತ ಹೆಚ್ಚು ಹೋಗಬಾರದು. ಹೋದವರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ನೆಗಡಿ ಕೆಮ್ಮು ಇದ್ದವರು ಆ ಕಡೆ ಸುಳಿಯಲೇಬಾರದು. ಟೀ ಕುಡಿದೇ ಬಂದೆವು ಎಂದು ಬಾಗಿಲಲ್ಲೇ ಹೇಳಬೇಕು. ಮಧ್ಯಾಹ್ನ ಎರಡು ಗಂಟೆ ಹೊತ್ತು ಅಕ್ಕನವರು ನಿಶ್ಚಿಂತೆಯಿಂದ ಮಲಗಲಿ ಎಂದು ಬಳಗದ ಇಬ್ಬರು ಹೆಣ್ಣುಮಕ್ಕಳು ಸರದಿಯ ಮೇಲೆ ಆ ಮನೆಯಲ್ಲಿ ಇರತೊಡಗಿದರು. ಉಪ್ಪು ಎಣ್ಣೆ ಕಡಿಮೆ ಮಾಡಿದ ಸಾರು, ಸೊಪ್ಪಿನ ಪಲ್ಯ, ರಾಗಿಮುದ್ದೆ ಸರದಿಯಂತೆ ಬೇರೆ ಬೇರೆ ಮನೆಗಳಿಂದ ಹೋದವು. ದಾವಣಗೆರೆಯಲ್ಲಿರುವ ಸದಸ್ಯರೊಬ್ಬರು ಪ್ರತಿ ಸಲ ತರುತ್ತಿದ್ದ ಬೆಣ್ಣೆ ದೋಸೆಯ ಪೊಟ್ಟಣವನ್ನು ಅವರೇ ನಿಲ್ಲಿಸಿ, ಹಣ್ಣು ತರತೊಡಗಿದರು.

ದಾಖಲೆ ಜೋಡಿಸುವುದರಲ್ಲಿ ನಮಗಿರುವ ಅಭ್ಯಾಸವೂ ಇಲ್ಲಿ ಉಪಯೋಗಕ್ಕೆ ಬಂತು. ಡಿಸ್‌ಚಾರ್ಜ್ ಪತ್ರದಲ್ಲಿ ಬರೆದಿದ್ದ ಮಾತ್ರೆಗಳನ್ನು ವಂಶವೃಕ್ಷ ಬರೆಯುವ ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬಿಡಿಸಿ ಬರೆದು ಗೋಡೆಗೆ ಅಂಟಿಸಿದೆವು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್‌ನಂಥ ಮಾತ್ರೆಗಳನ್ನು ವೈದ್ಯರು ಹೇಳದೆ ಒಂದು ದಿನವೂ ಬಿಡಬಾರದು ಎಂಬುದಕ್ಕೆ ಕೆಂಪು ಶಾಯಿಯ ಗೆರೆ ಎಳೆದೆವು. ಪಕ್ಕದಲ್ಲೇ ಇನ್ನೊಂದು ಹಾಳೆಯಲ್ಲಿ, ತಡಮಾಡದೆ ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳನ್ನು ಬರೆದೆವು: ಜ್ವರ, ಗಾಯ ಕೆಂಪಾಗುವುದು ಅಥವಾ ಸೋರುವುದು, ಎದೆಯ ಮೂಳೆ ಕಟಕಟ ಎನ್ನುವುದು ಅಥವಾ ಅಲುಗಿದಂತಾಗುವುದು, ಒಂದೆರಡು ದಿನದಲ್ಲಿ ತೂಕ ಒಂದೂವರೆ ಎರಡು ಕಿಲೋ ಏರುವುದು. ಎದೆನೋವು ಮರುಕಳಿಸಿದರೆ, ಕೂತಲ್ಲೇ ಉಸಿರು ಕಟ್ಟಿದರೆ, ಯಾರನ್ನೂ ಕೇಳುತ್ತಾ ಕೂರದೆ 108ಕ್ಕೆ ಕರೆ ಮಾಡಬೇಕೆಂದು ಎಲ್ಲಕ್ಕಿಂತ ಮೇಲೆ ಬರೆದೆವು.

ಆಸ್ಪತ್ರೆಯಿಂದ ಅವರಿಗೆ ಮೂರು ಚೆಂಡುಗಳಿರುವ ಪ್ಲಾಸ್ಟಿಕ್ಕಿನ ಉಸಿರಾಟದ ಉಪಕರಣವೊಂದನ್ನು ಕೊಟ್ಟಿದ್ದರು. ನಳಿಕೆಯನ್ನು ಬಾಯಲ್ಲಿಟ್ಟು ಉಸಿರನ್ನು ನಿಧಾನವಾಗಿ ಒಳಗೆ ಎಳೆದರೆ ಚೆಂಡು ಮೇಲೇಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮುದುಡಿಕೊಂಡ ಶ್ವಾಸಕೋಶ ಅರಳಲಿ, ಕಫ ಕಟ್ಟದಿರಲಿ ಎಂಬುದು ಇದರ ಉದ್ದೇಶ. ಎಷ್ಟೋ ಜನ ಊದುಕೊಳವೆಯೆಂದು ತಿಳಿದು ಅದನ್ನು ಊದುತ್ತಾರೆ. ನಾವೂ ಮೊದಲು ಹಾಗೇ ತಿಳಿದಿದ್ದೆವು. ಮೊದಲ ದಿನಗಳಲ್ಲಿ ಮೇಷ್ಟ್ರಿಗೆ ಒಂದು ಚೆಂಡು ಮಾತ್ರ ಏಳುತ್ತಿತ್ತು, ಅದೂ ಅರೆಮನಸ್ಸಿನಿಂದ ಎದ್ದಂತೆ ಎದ್ದು ಬೀಳುತ್ತಿತ್ತು.

ನಡಿಗೆಯ ವಿಷಯ ಬಂದಾಗ ಅವರು ತಾವೇ ಒಂದು ದಾರಿ ಕಂಡುಕೊಂಡರು. ನಡೆಯುವಾಗ ಮಾತಾಡಲು ಆಗುವಷ್ಟು ವೇಗವೇ ಸರಿಯಾದ ವೇಗ, ಮಾತು ತುಂಡಾದರೆ ನಿಧಾನಿಸಬೇಕು ಎಂದು ವೈದ್ಯರು ಹೇಳಿದ್ದರು. ನಮ್ಮ ಕಡೆ ಹೆಳವರು ಬರುವುದು ತಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದ ಈ ಜನ ಸುಗ್ಗಿಯ ನಂತರ ತಮಗೆ ಸೇರಿದ ಒಕ್ಕಲುಗಳ ಮನೆಬಾಗಿಲಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ತಲೆಮಾರುಗಳ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ದವಸ ಪಡೆದು ಹೋಗುತ್ತಾರೆ. ನನ್ನ ಮಟ್ಟಿಗೆ, ನಮ್ಮ ನಾಡಿನ ಮನೆತನಗಳ ಚರಿತ್ರೆಯನ್ನು ಇವರಷ್ಟು ನಿಷ್ಠೆಯಿಂದ ಕಾಪಾಡಿದವರು ಬೇರೆ ಇಲ್ಲ. ಮೇಷ್ಟ್ರು ಬೀದಿಯಲ್ಲಿ ನಡೆಯುತ್ತಾ ಹೆಳವರ ಹಾಗೆ ತಮ್ಮ ವಂಶದ ಹೆಸರುಗಳನ್ನು ಹೇಳತೊಡಗಿದರು. ಜೊತೆಗೆ ಹೋದವರು ಕೇಳಿಸಿಕೊಳ್ಳಬೇಕು. ಮೊದಲ ವಾರ ಮುತ್ತಜ್ಜನವರೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ನಿಲ್ಲುತ್ತಿದ್ದರು. ಐದನೆಯ ವಾರದಲ್ಲಿ ಇಡೀ ಹಿರಿಯ ಕವಲನ್ನು ಒಂದೇ ನಡಿಗೆಯಲ್ಲಿ ಹೇಳಿ ಮುಗಿಸಿದರು.

ಆದರೂ ನಡುವೆ ಕತ್ತಲೆಯ ಕೆಲವು ದಿನಗಳು ಬಂದವು. ಹೃದಯದ ಶಸ್ತ್ರಚಿಕಿತ್ಸೆಯಾದ ಹಲವರಲ್ಲಿ ಮನಸ್ಸು ಕುಗ್ಗುವುದು, ಕಾರಣವಿಲ್ಲದೆ ಅಳು ಬರುವುದು, ಕೆಲವರಲ್ಲಿ ಕೆಲವು ವಾರಗಳ ಕಾಲ ಗಮನ ನಿಲ್ಲದಿರುವುದು, ಮರೆವು ಕಾಣಿಸುವುದು ವೈದ್ಯರಿಗೆ ಪರಿಚಿತವಾದ ಸಂಗತಿಗಳೇ. ಆದರೆ ಮನೆಯವರಿಗೆ ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಒಂದು ದಿನ ಮೇಷ್ಟ್ರಿಗೆ ತಮ್ಮ ಸೋದರತ್ತೆಯ ಗಂಡನ ಹೆಸರು ನೆನಪಾಗಲಿಲ್ಲ. ಎಂದೂ ತಡವರಿಸದ ಆ ಮನುಷ್ಯ "ಇನ್ನು ನನ್ನಿಂದ ಆಗದು, ಪುಸ್ತಕ ನೀವೇ ಇಟ್ಟುಕೊಳ್ಳಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ವೈದ್ಯರಿಗೆ ತಿಳಿಸಿದೆವು. ಮೇಷ್ಟ್ರೊಡನೆ ಅವರು ಬಿಡುವಾಗಿ ಮಾತಾಡಿ, ಇದು ಬಹುಪಾಲು ಜನರಲ್ಲಿ ತಾನಾಗಿ ತಿಳಿಯಾಗುತ್ತದೆ, ಆಗದಿದ್ದರೆ ಚಿಕಿತ್ಸೆ ಇದೆ ಎಂದು ಧೈರ್ಯ ಹೇಳಿದರು.

ಪುಸ್ತಕವನ್ನು ಮಾತ್ರ ನಾವು ಇಟ್ಟುಕೊಳ್ಳಲಿಲ್ಲ. ಅದನ್ನು ತೂಗಿದರೆ ಐದು ಕಿಲೋಗಿಂತ ಹೆಚ್ಚಿತ್ತು. ಎದೆಯ ಮೂಳೆ ಕೂಡುವವರೆಗೆ ಅವರು ಎತ್ತಬಹುದಾದ ಮಿತಿ ನಾಲ್ಕೈದು ಕಿಲೋ. ಹಾಗಾಗಿ ಎರಡೆರಡೇ ಪುಟಗಳ ಜೆರಾಕ್ಸ್ ಮಾಡಿಸಿ ಒಯ್ದು, ಅವರಲ್ಲದೆ ಬೇರೆ ಯಾರೂ ಉತ್ತರಿಸಲಾರದ ಒಂದೇ ಒಂದು ಪ್ರಶ್ನೆಯನ್ನು ದಿನಕ್ಕೊಮ್ಮೆ ಕೇಳುತ್ತಿದ್ದೆವು. ಜಗಳೂರಿನ ಕವಲಿನಲ್ಲಿ ಈ ಎರಡನೆಯ ಹೆಸರು ದತ್ತು ಹೋದವರದೋ, ಅಳಿಯನಾಗಿ ಬಂದವರದೋ? ಉತ್ತರ ಅಂದೇ ಬರಬೇಕೆಂದಿರಲಿಲ್ಲ. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದು, ಆ ವರ್ಷ ದಾವಣಗೆರೆ ಹೊಸ ಜಿಲ್ಲೆಯಾದಾಗ ಅತ್ತ ಸೇರಿತು. ಅಲ್ಲಿನ ಕಚೇರಿಗಳಿಗೆ ಓಡಾಡುವ ಕೆಲಸವನ್ನು ದಾವಣಗೆರೆಯ ಸದಸ್ಯರು ಹೊತ್ತುಕೊಂಡರು. ಅವರು ತಂದ ಪ್ರತಿಯೊಂದು ಕಾಗದವೂ ಮೊದಲು ಮೇಷ್ಟ್ರ ಮಂಚದ ಬಳಿಗೇ ಹೋಗುತ್ತಿತ್ತು. ನಾಲ್ಕನೆಯ ದಿನ ಅವರು ಪೆನ್ನು ಕೇಳಿದರು.

ಆ ಪುಟಗಳನ್ನು ತಿರುವುತ್ತಿದ್ದಾಗಲೇ ನಮ್ಮ ಕಣ್ಣು ಮರಣದ ಅಂಕಣದ ಮೇಲೆ ಬಿತ್ತು. 1918ರ ಇನ್‌ಫ್ಲುಯೆಂಜಾದಲ್ಲಿ ಒಂದೇ ಮನೆಯ ಮೂವರು ಹೋದದ್ದನ್ನು, ಪ್ಲೇಗಿಗೆ ಊರು ಬಿಟ್ಟದ್ದನ್ನು ನಾವು ಎಷ್ಟೋ ಸಲ ಓದಿ ಚರ್ಚಿಸಿದ್ದೆವು. ಆದರೆ ಆಮೇಲಿನ ಹೆಸರುಗಳ ಮುಂದೆ ಮೇಷ್ಟ್ರು ಹಿರಿಯರ ಬಾಯಿಂದ ಕೇಳಿ ಬರೆದಿದ್ದ ಮಾತುಗಳನ್ನು ಒಟ್ಟಿಗೆ ಓದಿರಲಿಲ್ಲ. "ಎದೆ ಹಿಡಿದುಕೊಂಡು ಕೂತಲ್ಲೇ ಹೋದರು." "ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ." ತಂದೆ ಐವತ್ತೆರಡಕ್ಕೆ, ಚಿಕ್ಕಪ್ಪ ನಲವತ್ತೊಂಬತ್ತಕ್ಕೆ, ದೊಡ್ಡಪ್ಪನ ಮಗ ನಲವತ್ತಾರಕ್ಕೆ. ಇವೆಲ್ಲವೂ ಹೃದಯಾಘಾತವೇ ಎಂದು ಈಗ ಹೇಳಲಾಗದು. ಆದರೆ ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಉಳಿದವರಿಗೆ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಕೆಲವು ಮನೆತನಗಳಲ್ಲಿ ರಕ್ತದ ಕೊಲೆಸ್ಟರಾಲ್ ಹುಟ್ಟಿನಿಂದಲೇ ಹೆಚ್ಚಿರುವ ಗುಣವೇ ಇಳಿದು ಬರುವುದುಂಟು. ಹೊಲ ಯಾರಿಂದ ಯಾರಿಗೆ ಬಂತು ಎಂದು ಅಷ್ಟು ಆಸ್ಥೆಯಿಂದ ಹುಡುಕಿದ ನಾವು, ಅದೇ ಹಾಳೆಯಲ್ಲಿ ಎದೆನೋವೂ ಇಳಿದು ಬರುತ್ತಿದ್ದುದನ್ನು ಕಾಣದೆ ಹೋದೆವಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಆ ಭಾನುವಾರವೇ ನಮ್ಮ ಎಲ್ಲ ಮನೆತನಗಳ ಪುಸ್ತಕಗಳಲ್ಲೂ ಹೊಸದೊಂದು ಅಂಕಣ ಎಳೆದೆವು. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಕಾಣಿಸಿಕೊಂಡ ವಯಸ್ಸು. ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು, ಹೊರಗಿನವರಿಗೆ ತೋರಿಸಬಾರದು ಎಂದು ಮೊದಲೇ ನಿಶ್ಚಯಿಸಿದೆವು. ಮೇಷ್ಟ್ರ ಇಬ್ಬರು ಗಂಡುಮಕ್ಕಳು ರಕ್ತಪರೀಕ್ಷೆ ಮಾಡಿಸಿದರು. ಹಿರಿಯ ಮಗನ ಕೊಲೆಸ್ಟರಾಲ್ ಹೆಚ್ಚಿದ್ದು, ಮೂವತ್ತಾರನೆಯ ವಯಸ್ಸಿನಲ್ಲೇ ಚಿಕಿತ್ಸೆ ಆರಂಭವಾಗಿದೆ.

ಕಳೆದ ತಿಂಗಳ ಸಭೆ ಮೇಷ್ಟ್ರ ಮನೆಯಲ್ಲೇ ನಡೆಯಿತು. ಮಗ ಕೆಂಪು ರಟ್ಟಿನ ಪುಸ್ತಕವನ್ನು ತಂದು ಮೇಜಿನ ಮೇಲೆ ಬಿಚ್ಚಿಟ್ಟ. ಮೇಷ್ಟ್ರು ತಮ್ಮ ಹೆಸರಿನ ಮುಂದಿನ ಹೊಸ ಅಂಕಣದಲ್ಲಿ "ಬೈಪಾಸ್, ಮೂರು ನಾಳ, ವಯಸ್ಸು 63" ಎಂದು ಅದೇ ದುಂಡನೆಯ ಅಕ್ಷರಗಳಲ್ಲಿ ಬರೆದು, ಶಾಯಿ ಆರುವವರೆಗೂ ಕಾದು ಪುಟ ತಿರುಗಿಸಿದರು. ಅವರ ಚಿಕ್ಕಪ್ಪನ ಮಕ್ಕಳು ಹಿರಿಯೂರಿನ ಕಡೆ ಇದ್ದಾರೆ, ಅವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಕಾಗದ ಬರೆದು ಹೇಳುವ ಮಾತಲ್ಲ, ಹೋಗಿ ಕೂತು ಹೇಳಬೇಕು ಎಂದು ಮೇಷ್ಟ್ರ ಅಭಿಪ್ರಾಯ. ಬರುವ ಭಾನುವಾರ ಇಬ್ಬರು ಅವರ ಜೊತೆ ಹೋಗುತ್ತಿದ್ದೇವೆ. ದಾರಿಯಲ್ಲಿ ಎರಡು ಕಡೆ ಕಾರು ನಿಲ್ಲಿಸಿ ಅವರನ್ನು ಸ್ವಲ್ಪ ನಡೆಸಬೇಕೆಂದು ಅಕ್ಕನವರು ಹೇಳಿದ್ದಾರೆ.

ನಮಸ್ಕಾರ.